ಕ್ಯಾಶ್‌ನಲ್ಲಿ ಕೂತ ನಿನ್ನೆಯ ಪತ್ರೊಡೆ

ಪ್ರಶ್ನೆ: ಮಾಟುಂಗದಲ್ಲಿ ನಮ್ಮ ಸೋದರಮಾವನ ಹೋಟೆಲಿದೆ. ಅದಕ್ಕೆ ನಾನೇ ಒಂದು ವೆಬ್ ಆ್ಯಪ್ ಮಾಡಿಕೊಟ್ಟಿದ್ದೇನೆ. ‘ಇಂದಿನ ವಿಶೇಷ’ ಪುಟ ದಿನಾ ಬದಲಾಗುತ್ತದೆ. ಡೇಟಾಬೇಸಿಗೆ ಸುಮ್ನೆ ಯಾಕೆ ಹೊರೆ ಎಂದು ಪುಟವನ್ನು ಮೆಮೊರಿಯಲ್ಲೇ ಡೇಟಾ ಇಡುವ ರೆಡಿಸ್‌ನಲ್ಲಿ 24 ಗಂಟೆ ಕ್ಯಾಶ್ ಮಾಡಿದೆ, ಅಂದರೆ ಒಮ್ಮೆ ತಯಾರಾದ ಪ್ರತಿಯನ್ನೇ ಎತ್ತಿಟ್ಟು ಎಲ್ಲರಿಗೂ ತೋರಿಸಿದೆ. ಈಗ ಮಂಗಳವಾರ ಬಂದ ಗಿರಾಕಿಗಳು ಸೋಮವಾರದ ಪಟ್ಟಿ ತೋರಿಸಿ ‘ಪತ್ರೊಡೆ ಎಲ್ಲಿ?’ ಎನ್ನುತ್ತಾರೆ. ಬೆಳಿಗ್ಗೆ 5ಕ್ಕೆ ಕ್ಯಾಶ್ ಖಾಲಿ ಮಾಡಿ ನೋಡಿದೆ. ಆಗಲೂ ಹಳೆಯದೇ! ಕ್ಯಾಶ್ ತೆಗೆದೇಬಿಡಲೇ?
— ಓದುಗ, ಡೊಂಬಿವಲಿ

ಉತ್ತರ: ತೆಗೆಯಬೇಡಿ. ‘ಬೆಳಿಗ್ಗೆ 5’ ಅಂತ ಬರೆದಿರಲ್ಲ, ಕಳ್ಳ ಅಲ್ಲೇ ಸಿಕ್ಕಿಬಿದ್ದ. ನಿಮ್ಮ ಸರ್ವರ್ ಗಡಿಯಾರ ಯುಟಿಸಿಯಲ್ಲಿದೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿದೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮಾಟುಂಗದಲ್ಲಿ ಮಂಗಳವಾರ ಬೆಳಿಗ್ಗೆ 5 ಆದಾಗ ಸರ್ವರಿಗೆ ಇನ್ನೂ ಸೋಮವಾರ ರಾತ್ರಿ 11.30. ಬಾಗಿಲು ತೆಗೆದ ಮಾವನೇ ಮೊದಲು ಪುಟ ನೋಡಿದರು ಅನ್ನಿ. ಸೋಮವಾರದ ಪಟ್ಟಿ ತಯಾರಾಗಿ 24 ಗಂಟೆ ಅಲ್ಲೇ ಕೂರುತ್ತದೆ. ಬುಧವಾರ 5ಕ್ಕೆ ಅದು ಎದ್ದರೆ ಮಂಗಳವಾರದ್ದು ಬಂದು ಕೂರುತ್ತದೆ. ದಿನವೂ ಇದೇ ಕಥೆ.

ಇಲ್ಲಿ ಪುಣೆಯಲ್ಲಿ ನನ್ನ ಜೊತೆಗಿರುವ ಹುಡುಗರು ‘ರಾತ್ರಿ 12ಕ್ಕೆ ಕ್ರಾನ್ ಹಾಕಿ ಅಳಿಸೋಣ ಸರ್’ ಅನ್ನುತ್ತಾರೆ. ಹೇಳಿದ ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ಆ ಕ್ರಾನ್ ಕೂಡ ಅದೇ ಗಡಿಯಾರ ನೋಡುತ್ತದೆ, ಅಲ್ವಾ? 0 ಗಂಟೆ ಎಂದು ಬರೆದರೆ ನಮ್ಮ 5.30ಕ್ಕೆ ಓಡುತ್ತದೆ. 18.30 ಎಂದು ಬರೆಯಬೇಕು. ಒಂದು ರಾತ್ರಿ ಓಡದಿದ್ದರೆ ಮತ್ತೆ ಗಲ್ಲಾ ಮುಂದೆ ಜಗಳ. ನನಗದು ಇಷ್ಟವಿಲ್ಲ.

ಬದಲಿಗೆ ಕೀಯಲ್ಲೇ (ಕ್ಯಾಶ್‌ನಲ್ಲಿ ಪುಟಕ್ಕಿಟ್ಟ ಹೆಸರು) ತಾರೀಖು ಸೇರಿಸಿ: ‘ವಿಶೇಷ-2025-03-11’. ಕೀಗೂ ಪಟ್ಟಿಗೂ ತಾರೀಖನ್ನು ‘ಏಷ್ಯಾ/ಕೋಲ್ಕತ್ತಾ’ ಎಂಬ ನಮ್ಮ ಟೈಮ್‌ಝೋನಿನಿಂದಲೇ ತೆಗೆಯಿರಿ. ದಿನ ಬದಲಾದರೆ ಕೀ ಬದಲಾಗುತ್ತದೆ, ಹಳೆಯ ಪುಟವನ್ನು ಯಾರೂ ಕೇಳುವುದೇ ಇಲ್ಲ. ಕ್ಯಾಶ್‌ನ ಅವಧಿ 2 ದಿನ ಇಡಿ, ಅದು ಕಸ ಗುಡಿಸಲು ಅಷ್ಟೇ.

ಇನ್ನೊಂದು ಕ್ಯಾಶ್ ಬ್ರೌಸರಿನದು; ಗಿರಾಕಿಯ ಫೋನಿನೊಳಗೆ ಕೂತ ಆ ಪ್ರತಿಯನ್ನು ನೀವು ಅಳಿಸಲಾರಿರಿ. ಪುಟದ ಜೊತೆ ಮ್ಯಾಕ್ಸ್-ಏಜ್ 86400 (ಇಷ್ಟು ಸೆಕೆಂಡು, ಅಂದರೆ 24 ಗಂಟೆ, ಈ ಪ್ರತಿಯೇ ಸಾಕು) ಎಂದು ಕಳಿಸಿದ್ದರೆ, ರಾತ್ರಿ 10ಕ್ಕೆ ನೋಡಿದವರಿಗೆ ಮರುದಿನ ರಾತ್ರಿ 10ರವರೆಗೂ ಅದೇ ಕಾಣಬಹುದು. ಪುಟದ ಜೊತೆ ಹೋಗುವ ಸೂಚನೆಯಾದ ಕ್ಯಾಶ್-ಕಂಟ್ರೋಲ್ ಹೆಡರಿನಲ್ಲಿ ‘ನೋ-ಕ್ಯಾಶ್’ ಹಾಕಿ, ಜೊತೆಗೆ ಈಟ್ಯಾಗ್ (ಪುಟದ ಆವೃತ್ತಿಯ ಗುರುತು) ಕೊಡಿ. ಆಗ ಬ್ರೌಸರ್ ಪ್ರತಿ ಸಲ ಸರ್ವರನ್ನು ಕೇಳಿಯೇ ತೋರಿಸುತ್ತದೆ. ಪಟ್ಟಿ ಬದಲಾಗಿರದಿದ್ದರೆ ಸರ್ವರ್ ಬರೀ 304 (‘ಬದಲಾಗಿಲ್ಲ’) ಅನ್ನುತ್ತದೆ, ಪುಟ ಮತ್ತೆ ಇಳಿಯುವುದಿಲ್ಲ.

ಇನ್ನು, 11 ಗಂಟೆಗೇ ಗೋಳಿಬಜೆ ಖಾಲಿಯಾಯಿತು ಎಂದು ಮಾವ ಪಟ್ಟಿ ತಿದ್ದಿದರೆ ತಾರೀಖು ಬದಲಾಗುವುದಿಲ್ಲ. ‘ಸೇವ್’ ಒತ್ತಿದ ಕೂಡಲೇ ಆ ದಿನದ ಕೀ ಅಳಿಸುವ ಒಂದು ಸಾಲು ಬರೆದಿಡಿ.