ವಾಹನ ಪ್ರಶ್ನೋತ್ತರ: ಹಳೆಯ ಕಾರು, ಒಣಗಿದ ಡಿಪ್‌ಸ್ಟಿಕ್

ಪ್ರಶ್ನೆ: ಬೆಂಗಳೂರಿನ ಹಳೆ ಕಾರುಗಳ ಮಳಿಗೆಯೊಂದರಿಂದ ಈಚೆಗೆ 2013ರ ಪೆಟ್ರೋಲ್ ಸ್ವಿಫ್ಟ್ ಕೊಂಡೆ. ಮೀಟರಿನಲ್ಲಿ 88,000 ಕಿ.ಮೀ. ಇದೆ. ‘ಈಗಷ್ಟೇ ಸರ್ವಿಸ್ ಆಗಿದೆ, ಒಂದು ವರ್ಷ ಏನೂ ನೋಡಬೇಕಾಗಿಲ್ಲ’ ಎಂದು ಮಾರಿದವರು ಹೇಳಿದ್ದರು. ಕಳೆದ ವಾರ ಮಂಗಳೂರಿನಿಂದ ಬರುತ್ತಾ ಶಿರಾಡಿ ಘಾಟಿ ಹತ್ತುವಾಗ, ಆಯಿಲ್ ಕ್ಯಾನಿನ ಚಿತ್ರವಿರುವ ಕೆಂಪು ದೀಪ ತಿರುವುಗಳಲ್ಲಿ ಮಿನುಗಿ ಆರುತ್ತಿತ್ತು. ನಿಲ್ಲಿಸಿ ನೋಡಿದರೆ, ಆಯಿಲಿನ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿಗೆ ಆಯಿಲ್ ಅಂಟಿರಲೇ ಇಲ್ಲ. ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಒಂದೂವರೆ ಲೀಟರ್ ಹಾಕಿಸಿದ ಮೇಲೆ ಮಟ್ಟ ಎರಡು ಗುರುತುಗಳ ನಡುವೆ ಬಂತು, ದೀಪವೂ ಆರಿತು. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡು ಕಟಕಟ ಸದ್ದು ಬಂದು ನಿಲ್ಲುತ್ತದೆ. ಒಬ್ಬ ಮೆಕ್ಯಾನಿಕ್ ‘ಎಂಜಿನ್ ಇಳಿಸಿ ಬೋರ್ ಕೆಲಸ (ಸಿಲಿಂಡರುಗಳ ಒಳಗೋಡೆ ಕೊರೆದು ಸರಿಮಾಡುವುದು) ಮಾಡಿಸಬೇಕು, 60,000 ರೂಪಾಯಿ ಆಗುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘20ಡಬ್ಲ್ಯೂ-50 ಗಟ್ಟಿ ಆಯಿಲ್ ಹಾಕಿ ಓಡಿಸಿ’ ಎನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ಇಬ್ಬರೂ ಆಯಿಲ್ ಎಲ್ಲಿ ಹೋಯಿತು ಎಂಬುದನ್ನು ಪತ್ತೆ ಮಾಡದೆಯೇ ಚಿಕಿತ್ಸೆ ಹೇಳಿದ್ದಾರೆ.

ಮೊದಲು ಆ ದೀಪದ ವಿಷಯ. ಅದು ಆಯಿಲಿನ ಮಟ್ಟವನ್ನು ತೋರಿಸುವ ದೀಪವೆಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಅದು ತೋರಿಸುವುದು ಆಯಿಲಿನ ಒತ್ತಡವನ್ನು. ವೇಗದಲ್ಲಿ ಓಡುವ ಆರೋಗ್ಯವಂತ ಎಂಜಿನ್ನಿನಲ್ಲಿ ಈ ಒತ್ತಡ ಸಾಮಾನ್ಯವಾಗಿ ಮೂರು ನಾಲ್ಕು ಬಾರ್ ಇರುತ್ತದೆ. ದೀಪವನ್ನು ಹೊತ್ತಿಸುವ ಸ್ವಿಚ್ಚು ಎಚ್ಚೆತ್ತುಕೊಳ್ಳುವುದು ಅದು ಅರ್ಧ ಬಾರ್‌ಗಿಂತಲೂ ಕೆಳಗಿಳಿದಾಗ. ನಿಮ್ಮ ಎಂಜಿನ್ನಿಗೆ ಫಿಲ್ಟರ್ ಸಹಿತ ಸುಮಾರು ಮೂರು ಲೀಟರ್ ಆಯಿಲ್ ಬೇಕು. ಒಂದೂವರೆ ಲೀಟರ್ ಹಾಕಿದ ಮೇಲೂ ಮೇಲಿನ ಗುರುತು ಮುಟ್ಟಲಿಲ್ಲವೆಂದರೆ, ಘಾಟಿ ಹತ್ತುವಾಗ ಒಳಗಿದ್ದದ್ದು ಅರ್ಧಕ್ಕಿಂತಲೂ ಕಡಿಮೆ. ತಿರುವಿನಲ್ಲಿ ಕಾರು ವಾಲಿದಾಗ ಚೇಂಬರಿನ (ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯ) ತಳದಲ್ಲಿದ್ದ ಆ ಅಷ್ಟಿಷ್ಟು ಆಯಿಲ್ ಒಂದು ಮಗ್ಗುಲಿಗೆ ಸರಿದು, ಪಂಪಿನ ಜಾಲರಿ ಆಯಿಲಿನ ಬದಲು ಗಾಳಿಯನ್ನು ಎಳೆದುಕೊಂಡಿದೆ. ದೀಪ ತಿರುವುಗಳಲ್ಲಿ ಮಾತ್ರ ಮಿನುಗಿದ್ದು ಅದಕ್ಕೇ. ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ಶಾಫ್ಟು ತನ್ನನ್ನು ಹೊತ್ತಿರುವ ಬೇರಿಂಗುಗಳನ್ನು ಮುಟ್ಟದೆ, ಒತ್ತಡದಲ್ಲಿ ಬರುವ ಆಯಿಲಿನ ತೆಳು ಪದರದ ಮೇಲೆ ತಿರುಗುತ್ತಿರುತ್ತದೆ. ಆ ಪದರ ಹರಿದ ಕ್ಷಣದಿಂದ ಲೋಹಕ್ಕೆ ಲೋಹ ಉಜ್ಜುತ್ತದೆ. ಕ್ಷಣಕಾಲ ಮಿನುಗಿ ಆರಿದ್ದರೆ ಎಂಜಿನ್ ಉಳಿದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ನಿಮಿಷಗಟ್ಟಲೆ ಹೊತ್ತಿಕೊಂಡೇ ಹತ್ತಿಸಿದ್ದರೆ ಹಾಗೆ ಹೇಳಲಾರೆ. ಇನ್ನು ಮುಂದೆ ಆ ದೀಪ ಕಂಡರೆ ಸುರಕ್ಷಿತವಾಗಿ ಬದಿಗೆ ತಂದು ಎಂಜಿನ್ ಆರಿಸಿಬಿಡಿ; ‘ಮುಂದಿನ ಊರಿನವರೆಗೆ ನಿಧಾನವಾಗಿ ಹೋಗೋಣ’ ಎಂದುಕೊಳ್ಳಬೇಡಿ. ಆಯಿಲ್ ಹಾಕಿ ಮತ್ತೆ ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡುಗಳಲ್ಲಿ ದೀಪ ಆರದಿದ್ದರೆ, ಕಾರನ್ನು ಟೋಯಿಂಗ್ ವಾಹನದ ಮೇಲೆ ಹೇರಿ ಒಯ್ಯುವುದೇ ಸರಿ.

ಈಗ ಕೇಳುತ್ತಿರುವ ಸದ್ದಿನ ಬಗ್ಗೆ. ನಿಮ್ಮ ಸ್ವಿಫ್ಟಿನ ಎಂಜಿನ್ನಿನಲ್ಲಿ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸಲು ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಆ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲಿನ ಒತ್ತಡದಿಂದಲೇ. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಬೆಳಿಗ್ಗೆ ಒತ್ತಡ ಏರುವವರೆಗೆ ಎರಡು ಮೂರು ಸೆಕೆಂಡು ಚೈನು ಸಡಿಲವಾಗಿ ಬಡಿದುಕೊಳ್ಳುವುದು ಅಪರೂಪವೇನಲ್ಲ, ಅದರಿಂದ ತಕ್ಷಣದ ಅಪಾಯವೂ ಇಲ್ಲ. ಭಯಪಡಬೇಕಾದ ಸದ್ದು ಬೇರೆ: ಬಿಸಿಯಾದ ಎಂಜಿನ್ನಿನ ಕೆಳಭಾಗದಿಂದ, ಆಕ್ಸಿಲರೇಟರ್ ಒತ್ತಿದಾಗ ಅಥವಾ ಏರು ಹತ್ತುವಾಗ, ವೇಗದೊಂದಿಗೆ ತೀವ್ರವಾಗುತ್ತಾ ಬರುವ ಮಂದ ಗುದ್ದು. ಅದು ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿರುವುದರ ಸೂಚನೆ. ಅಂಥ ಸದ್ದು ಕೇಳಿದ ಮೇಲೆ ಕಾರನ್ನು ಓಡಿಸಲೇಬಾರದು.

ಕಿವಿಯನ್ನೇ ನಂಬಿ ಕೂರಬೇಕಾಗಿಲ್ಲ. ಆಯಿಲ್ ಪ್ರೆಷರ್ ಸ್ವಿಚ್ಚನ್ನು ಬಿಚ್ಚಿ ಆ ಜಾಗದಲ್ಲಿ ಗೇಜ್ ಕೂರಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲಿನಲ್ಲೂ ಹೆಚ್ಚಿನ ವೇಗದಲ್ಲೂ ಒತ್ತಡವನ್ನು ಅಳೆಯಲು ಹೇಳಿ. ಸರ್ವಿಸ್ ಮ್ಯಾನುಯಲ್ಲಿನಲ್ಲಿರುವ ಅಂಕಿಗೆ ಹೋಲಿಸಿದರೆ ಊಹೆಗೆ ಎಡೆಯಿರುವುದಿಲ್ಲ. ಎಂಜಿನ್ ಇಳಿಸುವ ಖರ್ಚಿನ ಮುಂದೆ ಇದರ ಖರ್ಚು ಏನೂ ಅಲ್ಲ. ಜೊತೆಗೆ ಈಗಿರುವ ಆಯಿಲನ್ನು ಪೂರ್ತಿ ಇಳಿಸಿ, ಸ್ವಚ್ಛವಾದ ಟ್ರೇನಲ್ಲಿ ಹಿಡಿದು ಬಿಸಿಲಿನಲ್ಲಿ ನೋಡಿ. ತೆಗೆದ ಫಿಲ್ಟರನ್ನೂ ಕತ್ತರಿಸಿ ಒಳಗಿನ ಕಾಗದವನ್ನು ಬಿಡಿಸಿ ನೋಡಿ. ತಾಮ್ರದ ಅಥವಾ ಬೆಳ್ಳಿಯ ಬಣ್ಣದ ಹೊಳೆಯುವ ಚೂರುಗಳು ಕಂಡರೆ ಬೇರಿಂಗ್ ಹೋಗಿದೆಯೆಂದೇ ಅರ್ಥ. ಕೆಲವರು ಆಯಿಲಿನಲ್ಲಿ ಅಯಸ್ಕಾಂತ ಆಡಿಸಿ ‘ಏನೂ ಇಲ್ಲ’ ಎಂದುಬಿಡುತ್ತಾರೆ. ಬೇರಿಂಗಿನ ಮೇಲ್ಪದರದ ಲೋಹ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ, ಆದ್ದರಿಂದ ಆ ಪರೀಕ್ಷೆಯನ್ನು ಒಪ್ಪಬೇಡಿ. ಒತ್ತಡ ಸರಿಯಿದ್ದು ಚೂರುಗಳೂ ಇಲ್ಲದಿದ್ದರೆ, ತಯಾರಕರು ಹೇಳಿದ ಗ್ರೇಡಿನ ಹೊಸ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿಸಿ, ಮೇಲಿನ ಗುರುತಿಗೆ ತಂದು ನಿಲ್ಲಿಸಿ.

ಅಲ್ಲಿಂದ ನಿಜವಾದ ತನಿಖೆ ಶುರು. ಆ ಆಯಿಲ್ ಸೋರಿರಬಹುದು, ಉರಿದಿರಬಹುದು, ಅಥವಾ ಮಾರಿದವರು ಹಾಕಿಯೇ ಇರಲಿಲ್ಲ ಎಂಬುದೂ ಆಗಿರಬಹುದು. ಮೂರನೆಯದನ್ನು ಎಷ್ಟೋ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದರೆ ಹಳೆ ಕಾರಿನ ವಿಷಯದಲ್ಲಿ ನಾನು ಮೊದಲು ಅನುಮಾನಿಸುವುದು ಅದನ್ನೇ. ಹೊಸ ಆಯಿಲ್ ಹಾಕಿಸಿದ ದಿನ ಮೀಟರಿನ ಅಂಕಿ ಬರೆದಿಟ್ಟುಕೊಂಡು, ಪ್ರತಿ 500 ಕಿ.ಮೀ.ಗೆ ಒಮ್ಮೆ ಸಮತಟ್ಟಾದ ನೆಲದಲ್ಲಿ, ಎಂಜಿನ್ ಆರಿಸಿ ಹತ್ತು ನಿಮಿಷವಾದ ಮೇಲೆ, ಡಿಪ್‌ಸ್ಟಿಕ್ಕನ್ನು ಒರೆಸಿ ಮತ್ತೆ ಅದ್ದಿ ನೋಡಿ. ಪ್ರತಿ ಸಲವೂ ಒಂದೇ ಜಾಗದಲ್ಲಿ ಒಂದೇ ರೀತಿ ನೋಡಿದರೆ ಮಾತ್ರ ಲೆಕ್ಕ ಸರಿ ಬರುತ್ತದೆ. ಮಟ್ಟ ಇಳಿದಿದ್ದರೆ ಇನ್ನೂರು ಮುನ್ನೂರು ಮಿಲಿಲೀಟರಿನಷ್ಟೇ ಹಾಕಿ, ಹಾಕಿದ್ದನ್ನು ಬರೆದುಕೊಳ್ಳಿ. ಮೇಲಿನ ಗುರುತನ್ನು ಮೀರಿಸಬೇಡಿ: ಕ್ರ್ಯಾಂಕ್ ಶಾಫ್ಟು ಹೆಚ್ಚುವರಿ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ಸೀಲುಗಳ ಮೇಲೂ ಒತ್ತಡ ಬೀಳುತ್ತದೆ. ಕೆಲವು ತಯಾರಕರು 1,000 ಕಿ.ಮೀ.ಗೆ ಅರ್ಧ ಲೀಟರಿನಿಂದ ಒಂದು ಲೀಟರ್‌ವರೆಗೆ ಖರ್ಚಾಗುವುದನ್ನೂ ಸಹಜವೆಂದು ಬರೆದುಕೊಂಡಿದ್ದಾರೆ. ಅದು ವಾರಂಟಿ ನಿರಾಕರಿಸುವವರಿಗೆ ಅನುಕೂಲವಾದ ಅಂಕಿ. ನಿಮ್ಮಂಥ 1.2 ಲೀಟರಿನ ಎಂಜಿನ್ 1,000 ಕಿ.ಮೀ.ಗೆ ಕಾಲು ಲೀಟರಿಗಿಂತ ಹೆಚ್ಚು ಕುಡಿದರೆ ಕಾರಣ ಹುಡುಕಬೇಕೆಂಬುದು ನನ್ನ ಅಭಿಪ್ರಾಯ.

ಸೋರಿಕೆಯನ್ನು ಕಂಡುಹಿಡಿಯುವುದು ಸುಲಭ. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಡಿ. ಟ್ಯಾಪೆಟ್ ಕವರಿನ ಪ್ಯಾಕಿಂಗ್, ಡ್ರೈನ್ ಬೋಲ್ಟಿನ ವಾಷರ್, ಫಿಲ್ಟರಿನ ರಬ್ಬರು, ಪ್ರೆಷರ್ ಸ್ವಿಚ್ಚು, ಗೇರ್ ಬಾಕ್ಸಿನ ಕಡೆಯ ಕ್ರ್ಯಾಂಕ್ ಸೀಲು ಇವುಗಳ ಸುತ್ತ ಒದ್ದೆ ಇದೆಯೇ ನೋಡಿಸಿ. ಉರಿಯುತ್ತಿದ್ದರೆ ಸೈಲೆನ್ಸರಿನ ನೀಲಿ ಹೊಗೆ ಅದನ್ನು ಹೇಳುತ್ತದೆ, ಹೊಗೆ ಬರುವ ಸಮಯವಂತೂ ಇನ್ನಷ್ಟು ಹೇಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಅಥವಾ ಘಾಟಿಯಲ್ಲಿ ಗೇರಿನ ಮೇಲೆ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಒಮ್ಮೆ ಬುಸ್ಸೆಂದು ಬಂದು ನಿಂತರೆ, ವಾಲ್ವುಗಳ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ವಾಲ್ವ್ ಸೀಲುಗಳ ಮೇಲೆ ಅನುಮಾನ. ಏರು ಹತ್ತುವಾಗ ಎಡೆಬಿಡದೆ ಬರುತ್ತಿದ್ದರೆ ಪಿಸ್ಟನ್ನಿನ ಸುತ್ತ ಆಯಿಲನ್ನು ತಡೆಯುವ ಪಿಸ್ಟನ್ ರಿಂಗುಗಳ ಮೇಲೆ. ಖಚಿತಪಡಿಸಿಕೊಳ್ಳಲು ಸಿಲಿಂಡರಿನೊಳಗೆ ಏರುವ ಒತ್ತಡವನ್ನು ಅಳೆಯುವ ಕಂಪ್ರೆಷನ್ ಪರೀಕ್ಷೆಯನ್ನು ಎರಡು ಸಲ ಮಾಡಿಸಿ: ಮೊದಲು ಹಾಗೆಯೇ, ಆಮೇಲೆ ಪ್ರತಿ ಸಿಲಿಂಡರಿಗೂ ಒಂದು ಚಮಚ ಆಯಿಲ್ ಬಿಟ್ಟು. ಎರಡನೆಯ ಸಲ ಅಂಕಿ ಎದ್ದುಕಾಣುವಷ್ಟು ಏರಿದರೆ ದೋಷ ರಿಂಗಿನದು ಅಥವಾ ಬೋರಿನದು. ಬೋರ್ ಕೆಲಸದ ಮಾತನ್ನು ಆಗ ಮಾತ್ರ ಆಡಬೇಕು. ದೋಷ ವಾಲ್ವ್ ಸೀಲುಗಳದ್ದಾಗಿದ್ದರೆ ಎಂಜಿನ್ ಇಳಿಸದೆಯೇ ಅವನ್ನು ಬದಲಿಸಬಹುದು. ಅದಕ್ಕೂ ಮೊದಲು, ಎಂಜಿನ್ನಿನ ಒಳಗೆ ಸೇರುವ ಹೊಗೆಯನ್ನು ಮತ್ತೆ ಗಾಳಿ ಎಳೆಯುವ ದಾರಿಗೆ ಕಳಿಸುವ ಪಿಸಿವಿ ವಾಲ್ವನ್ನು ಬದಲಿಸಿ ನೋಡಿ; ಅದು ಕಟ್ಟಿಕೊಂಡರೂ ಎಂಜಿನ್ ಆಯಿಲ್ ಕುಡಿಯುತ್ತದೆ, ಅದರ ಬೆಲೆಯೂ ಅಲ್ಪ. ಕಾಲಕಾಲಕ್ಕೆ ಆಯಿಲ್ ಬದಲಿಸದ ಎಂಜಿನ್ನಿನಲ್ಲಿ ರಿಂಗುಗಳು ಸವೆಯದೆ ಬರೀ ಜಿಡ್ಡಿನಿಂದ ಅಂಟಿಕೊಂಡಿರುವುದೂ ಉಂಟು. ಅಂಥವು ಒಳ್ಳೆಯ ಆಯಿಲನ್ನು ಪ್ರತಿ 3,000–4,000 ಕಿ.ಮೀ.ಗೆ ಬದಲಿಸುತ್ತಾ ಬಂದರೆ ಕೆಲವೊಮ್ಮೆ ಬಿಟ್ಟುಕೊಳ್ಳುತ್ತವೆ. ಆದರೆ ಒಂದೇ ದಿನದಲ್ಲಿ ಶುಚಿಮಾಡುವ ಫ್ಲಶ್ ದ್ರಾವಣವನ್ನು ಮಾತ್ರ ಹಾಕಿಸಬೇಡಿ. ಕಿತ್ತುಬಂದ ಜಿಡ್ಡು ಪಂಪಿನ ಜಾಲರಿಗೆ ಅಡ್ಡಬಂದರೆ ಮತ್ತೆ ಅದೇ ಕೆಂಪು ದೀಪ.

20ಡಬ್ಲ್ಯೂ-50 ಹಾಕಿದರೆ ಹೊಗೆಯೂ ಸದ್ದೂ ಸ್ವಲ್ಪ ಅಡಗಬಹುದು. ಆದರೆ ತೆಳು ಆಯಿಲಿಗೆಂದೇ ರೂಪಿಸಿದ ಈ ಎಂಜಿನ್ನಿನ ಸಣ್ಣ ದಾರಿಗಳಲ್ಲಿ ಗಟ್ಟಿ ಆಯಿಲ್, ಅದೂ ಮಲೆನಾಡಿನ ಚಳಿಯ ಬೆಳಗಿನಲ್ಲಿ, ಮೇಲಿನವರೆಗೆ ತಲುಪುವುದು ತಡವಾಗುತ್ತದೆ. ಮಾರಾಟಕ್ಕೆ ನಿಂತ ಕಾರಿನ ದೋಷ ಮುಚ್ಚಲು ಬಳಸುವ ಉಪಾಯವನ್ನು ಓಡಿಸುವ ಕಾರಿಗೆ ಮಾಡಬಾರದು.

ಮಾರಿದ ಮಳಿಗೆಗೆ ಈಗಲೇ ಲಿಖಿತವಾಗಿ ತಿಳಿಸಿ. ರಶೀದಿ, ‘ಸರ್ವಿಸ್ ಆಗಿದೆ’ ಎಂದ ಸಂದೇಶವಿದ್ದರೆ ಅದು, ಗೇಜಿನ ಅಂಕಿ, ಫಿಲ್ಟರಿನ ಚಿತ್ರ ಎಲ್ಲವನ್ನೂ ಇಟ್ಟುಕೊಳ್ಳಿ. ವ್ಯಾಪಾರಿಯಿಂದ ಕೊಂಡದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ, ಎಷ್ಟೋ ವ್ಯಾಪಾರಿಗಳು ಆ ಹಂತದಲ್ಲಿಯೇ ಮಾತುಕತೆಗೆ ಬರುತ್ತಾರೆ.

ಪ್ರಶ್ನೆ: ರಾತ್ರಿ ಹೆದ್ದಾರಿಯಲ್ಲಿ ಆಯಿಲ್ ಕೆಳಗಿನ ಗುರುತಿಗಿಂತ ಇಳಿದದ್ದು ತಿಳಿಯಿತು. ಬಂಕಿನಲ್ಲಿ ಸಿಕ್ಕಿದ್ದು ಬೇರೆ ಕಂಪನಿಯ, ಬೇರೆ ಗ್ರೇಡಿನ ಆಯಿಲ್ ಮಾತ್ರ. ಹಾಕಬಹುದೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಹಾಕಬಹುದು. ಎಂಜಿನ್ ಆಯಿಲ್ ಆಗಿದ್ದರೆ ಸಾಕು. ಮಿನರಲ್ ಮತ್ತು ಸಿಂಥೆಟಿಕ್ ಆಯಿಲುಗಳು ಬೆರೆತರೆ ಹಾನಿಯಿಲ್ಲ. ಆಯಿಲೇ ಇಲ್ಲದೆ ಓಡಿಸುವುದಕ್ಕಿಂತ 15ಡಬ್ಲ್ಯೂ-40 ಎಷ್ಟೋ ಮೇಲು. ಊರು ಸೇರಿದ ಮೇಲೆ ಪೂರ್ತಿ ಬದಲಿಸಿಬಿಡಿ. ಟೂ-ಸ್ಟ್ರೋಕ್ ಗಾಡಿಗಳ 2ಟಿ ಆಯಿಲನ್ನೋ ಗೇರ್ ಆಯಿಲನ್ನೋ ಮಾತ್ರ ಹಾಕಬೇಡಿ.

ಪ್ರಶ್ನೆ: ಹಳೆ ಕಾರು ಕೊಳ್ಳುವ ಮೊದಲೇ ಆಯಿಲ್ ಕುಡಿಯುವ ಎಂಜಿನ್ನನ್ನು ಗುರುತಿಸುವುದು ಹೇಗೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಡಿಪ್‌ಸ್ಟಿಕ್ಕಿನ ಮೇಲೆ ಹೊಂಬಣ್ಣದ ಹೊಸ ಆಯಿಲ್ ಕಂಡು ಸಮಾಧಾನಪಡಬೇಡಿ, ಅದು ನಿನ್ನೆ ಹಾಕಿದ್ದಿರಬಹುದು. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿ: ಕಪ್ಪು ಜಿಡ್ಡು ದಪ್ಪಗೆ ಕಟ್ಟಿದ್ದರೆ ಹಿಂದಿನವರು ಆಯಿಲ್ ಬದಲಿಸುತ್ತಿರಲಿಲ್ಲ ಎಂದಾಯಿತು. ಸೈಲೆನ್ಸರಿನ ತುದಿಯಲ್ಲಿ ಬೆರಳಿಗೆ ಒಣ ಮಸಿಯ ಬದಲು ಜಿಡ್ಡು ಮಸಿ ಅಂಟಿದರೂ ಅನುಮಾನವಿರಲಿ. ಸ್ಟಾರ್ಟ್ ಮಾಡಿದಾಗ ಬರುವ ನೀಲಿ ಹೊಗೆಯೂ ಚೈನಿನ ಸದ್ದೂ ಸ್ಪಷ್ಟವಾಗಿ ತಿಳಿಯುವುದು ತಣ್ಣಗಿರುವ ಎಂಜಿನ್ನಿನಲ್ಲಿ ಮಾತ್ರ. ಆದ್ದರಿಂದ ತಲುಪಿದ ಕೂಡಲೇ ಬಾನೆಟ್ ಮುಟ್ಟಿ ನೋಡಿ; ಬೆಚ್ಚಗಿದ್ದರೆ ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ ಹೊರಟುಬಿಡಿ.