ಬೆರಳು ಏನು ಮಾಡಿತು?

ಆತ್ಮೀಯರೇ,

ದನಿ ಬದಲಿಸುವ ಪೆಡಲ್, ದನಿ ಹಿಗ್ಗಿಸುವ ಆಂಪ್‌ಗಳ ಬೆನ್ನು ಹತ್ತದೆ ಕೈಯಿಂದಲೇ ಗಿಟಾರಿನ ಸ್ವಂತ ಟೋನ್ ಕಂಡುಕೊಳ್ಳಬೇಕು ಎನ್ನುವ ನಿಮ್ಮ ಲೇಖನ ಓದಿದೆ. ಭಾಷೆ ಚೊಕ್ಕವಾಗಿದೆ, ವಿಷಯವೂ ಬೇಕಾದದ್ದೇ. ಆದರೆ ಈಗಿರುವಂತೆ ಪ್ರಕಟಿಸಲಾರೆ. ‘ನಾದ ಇರುವುದು ಬೆರಳಲ್ಲಿ’ ಎಂದು ಐದು ಸಲ ಬರೆದಿದ್ದೀರಿ. ಆ ಬೆರಳು ಏನು ಮಾಡುತ್ತದೆ ಎಂದು ಒಮ್ಮೆಯೂ ಹೇಳಿಲ್ಲ. ಓದುತ್ತಾ ಓದುತ್ತಾ ನನಗೆ ಸಿಟ್ಟೇ ಬಂತು.

ಎರಡನೇ ಪ್ಯಾರಾ ನೋಡಿ. ‘ತಂತಿಯನ್ನು ಸರಿಯಾದ ಜಾಗದಲ್ಲಿ ಮೀಟಿದರೆ ಮಾಂತ್ರಿಕ ನಾದ ಹೊಮ್ಮುತ್ತದೆ.’ ಯಾವುದು ಸರಿಯಾದ ಜಾಗ? ತಂತಿಯ ಬುಡದಲ್ಲಿರುವ ಬ್ರಿಜ್ ಪಕ್ಕ ಮೀಟಿದರೆ ದನಿ ತೆಳ್ಳಗೆ, ಚೂಪಾಗಿ ಬರುತ್ತದೆ. ನೆಕ್ ಕಡೆ, ಅಂದರೆ ಗಿಟಾರಿನ ಕತ್ತಿನ ಕಡೆ ಸರಿದಂತೆ ದುಂಡಗಾಗುತ್ತದೆ. ಒತ್ತದೆ ಬಿಟ್ಟ ತಂತಿಯನ್ನು ನಟ್ಟನಡುವೆ, ಅಂದರೆ 12ನೇ ಫ್ರೆಟ್ಟಿನ (ಕತ್ತಿನ ಅಡ್ಡಪಟ್ಟಿಯ) ಮೇಲೆ ಮೀಟಿದರೆ 2, 4, 6ನೇ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆಗೇ ಏಳುವ ಮೇಲಿನ ಸ್ವರಗಳು) ಹೆಚ್ಚುಕಡಿಮೆ ಏಳುವುದೇ ಇಲ್ಲ. ಆ ಟೊಳ್ಳು ದನಿ ಬರುವುದು ಅದರಿಂದಲೇ. ಇಷ್ಟು ಬರೆದಿದ್ದರೆ ಓದುಗ ಆಗಲೇ ಗಿಟಾರ್ ಎತ್ತಿಕೊಂಡು ಕೇಳಿ ನೋಡುತ್ತಿದ್ದ. ‘ಮಾಂತ್ರಿಕ’ ಎಂದರೆ ಅವನು ಏನು ಮಾಡಬೇಕು?

ಜಾಜ್ ಗಿಟಾರ್ ವಾದಕರೊಬ್ಬರ ಬಗ್ಗೆ ಬರೆದಿದ್ದೀರಿ: ‘ವೆಸ್ ಮಾಂಟ್ಗೊಮರಿ ಹೆಬ್ಬೆರಳಿನಿಂದ ನುಡಿಸಿದ್ದರಿಂದ ಅವರ ನಾದಕ್ಕೆ ಆತ್ಮ ಬಂತು.’ ಆತ್ಮದ ಮಾತು ಆಮೇಲೆ, ಮೊದಲು ಚರ್ಮದ ಮಾತು ಹೇಳಿ. ಹೆಬ್ಬೆರಳಿನ ತುದಿ ತಂತಿ ಮೀಟುವ ಚಿಕ್ಕ ಬಿಲ್ಲೆಗಿಂತ, ಅಂದರೆ ಪಿಕ್ಕಿಗಿಂತ ಅಗಲ, ಮೆದು. ಅದು ತಂತಿಯನ್ನು ಬಿಟ್ಟಾಗ ಮೇಲಿನ ಹಾರ್ಮೋನಿಕ್‌ಗಳು ಕಡಿಮೆ ಏಳುತ್ತವೆ, ಪಿಕ್ಕಿನ ‘ಟಿಕ್’ ಸದ್ದೂ ಇರುವುದಿಲ್ಲ. ರಾಕ್ ಗಿಟಾರ್ ವಾದಕ ಜೆಫ್ ಬೆಕ್ ಕೂಡ ಪಿಕ್ ಬಿಟ್ಟು ಬೆರಳಿಗೆ ಬಂದವರು. ಕಿರುಬೆರಳಿನಿಂದ ವಾಲ್ಯೂಮ್ ಗುಂಡಿ ತಿರುಗಿಸುತ್ತಾ, ಮೀಟಿದ ಸದ್ದೇ ಕೇಳದಂತೆ ಸ್ವರವನ್ನು ಮೆಲ್ಲಗೆ ಏರಿಸುತ್ತಿದ್ದರು. ಅಂಥವರನ್ನು ‘ಪ್ರತಿಭಾವಂತ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಟ್ಟಿದ್ದೀರಿ.

ಬರೆಯಲು ಕಲಿಯುತ್ತಿದ್ದ ದಿನಗಳಲ್ಲಿ ನಾನೂ ಒಂದು ಗಿಟಾರ್ ಕಛೇರಿಯ ವರದಿಯಲ್ಲಿ ‘ಮನಮುಟ್ಟುವ ಕಂಪನ’ ಎಂದು ಬರೆದಿದ್ದೆ. ನಮ್ಮ ಹಿರಿಯ ಸಂಪಾದಕರು ಅದರ ಕೆಳಗೆ ಗೆರೆ ಎಳೆದು, “ತಂತಿಯನ್ನು ಅಡ್ಡಕ್ಕೆ ಎಳೆದರೋ, ಉದ್ದಕ್ಕೆ ಅಲುಗಿಸಿದರೋ? ಎಷ್ಟು ಬೇಗ?” ಎಂದು ಕೇಳಿದರು. ಉತ್ತರ ಗೊತ್ತಿರಲಿಲ್ಲ, ನಾನು ಎಡಗೈ ಕಡೆ ನೋಡಿಯೇ ಇರಲಿಲ್ಲ. ಮರುಸಲ ಎದುರಿನ ಸಾಲಿನಲ್ಲಿ ಕೂತು ಎರಡು ಗಂಟೆ ಅದೊಂದು ಕೈಯನ್ನೇ ನೋಡಿದೆ. ಆ ಕಲಾವಿದರು ಸ್ವರ ಹಿಡಿದ ಕೂಡಲೇ ಅಲುಗಿಸುತ್ತಿರಲಿಲ್ಲ. ಅದು ಒಂದು ಕ್ಷಣ ನೆಟ್ಟಗೆ ನಿಲ್ಲುತ್ತಿತ್ತು, ಕಂಪನ ಬರುತ್ತಿದ್ದುದು ಆಮೇಲೆ. ನನ್ನ ಎರಡನೇ ವರದಿಯಲ್ಲಿ ಗೆರೆ ಬೀಳದೆ ಉಳಿದದ್ದು ಆ ಮಾತೊಂದೇ.

ನೀವು ನುಡಿಸುವವರು, ಅದು ಲೇಖನದಲ್ಲೇ ಗೊತ್ತಾಗುತ್ತದೆ. ಆಂಪ್ ಆಫ್ ಮಾಡಿ, ಒಂದೇ ಸ್ವರವನ್ನು ಹತ್ತು ಬಗೆಯಲ್ಲಿ ಮೀಟಿ, ಕೇಳಿಸಿದ್ದನ್ನು ಆಗಾಗಲೇ ಬರೆದಿಟ್ಟುಕೊಳ್ಳಿ. ಆಮೇಲೆ ಈ ಎರಡು ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಕಾಯುತ್ತೇನೆ.