ಇಂಗ್ಲೆಂಡಿನ ಲೆಸ್ಟರ್‌ಗೆ ಬಂದಿರುವ ತಂಗಿಗೆ, ಪಿಆರ್ (ಪಬ್ಲಿಕ್ ರಿಲೇಷನ್ಸ್) ಓದುವ ಬಗ್ಗೆ

ಅಕ್ಕ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನೀನು ಅಂತಲೇ ಮಾತಾಡುತ್ತೇನೆ. ನೀನು ಕೇಳಿದ್ದು ಇಷ್ಟು. ಗಂಡನಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಅವರ ಜೊತೆ ಲೆಸ್ಟರ್‌ಗೆ ಬಂದು ನಾಲ್ಕು ತಿಂಗಳಾಯಿತು. ನೀನು ಶಿವಮೊಗ್ಗದಲ್ಲಿ ಬಿ.ಕಾಂ. ಮುಗಿಸಿ ಎರಡು ವರ್ಷ ಒಂದು ನರ್ಸಿಂಗ್ ಹೋಮ್‌ನಲ್ಲಿ ಪಿಆರ್‌ಒ ಆಗಿದ್ದೆ. ಇಲ್ಲಿ ಹತ್ತಿರದ ಕಾಲೇಜಿನಲ್ಲಿ ಬಿಸಿನೆಸ್ ಎಚ್‌ಎನ್‌ಡಿ ಅನ್ನುವ ಡಿಪ್ಲೊಮಾ ಕೋರ್ಸ್ ಇದೆ. ಅದನ್ನು ಓದಿದರೆ ಪಬ್ಲಿಕ್ ರಿಲೇಷನ್ಸ್ ಕೆಲಸ ಸಿಗುತ್ತದಾ? ನಿನ್ನ ಇಂಗ್ಲಿಷ್ ಸಾಕಾಗುತ್ತದಾ? ಊರಿನಲ್ಲಿರುವ ತಮ್ಮನನ್ನೂ ಇದೇ ಕೋರ್ಸ್‌ಗೆ ಸ್ಟೂಡೆಂಟ್ ವೀಸಾದಲ್ಲಿ ಕರೆಸಿಕೊಳ್ಳಬಹುದಾ?

ತಮ್ಮನ ವಿಷಯ ಮೊದಲು ಮುಗಿಸುತ್ತೇನೆ. ಅದರಲ್ಲಿ ದುಡ್ಡು ಹೋಗುವ ಭಯ ಇದೆ. ನನ್ನ ಉತ್ತರ, ಬೇಡ. ಎಚ್‌ಎನ್‌ಡಿ ಕೆಟ್ಟ ಕೋರ್ಸ್ ಅಂತ ಅಲ್ಲ. ಓದು ಮುಗಿದ ಮೇಲೆ ಇಲ್ಲೇ ಇದ್ದು ಕೆಲಸ ಹುಡುಕಲು ಕೊಡುವ ಗ್ರಾಜುಯೇಟ್ ವೀಸಾಕ್ಕೆ ಕನಿಷ್ಠ ಡಿಗ್ರಿ ಬೇಕು. ಎಚ್‌ಎನ್‌ಡಿ ಡಿಗ್ರಿಗಿಂತ ಒಂದು ಮೆಟ್ಟಿಲು ಕೆಳಗೆ. ಡಿಗ್ರಿ ಓದುವವರು ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ದುಡಿಯಬಹುದು. ಅದಕ್ಕಿಂತ ಕೆಳಗಿನ ಕೋರ್ಸನ್ನು ವಿಶ್ವವಿದ್ಯಾಲಯದಲ್ಲೇ ಓದಿದರೂ 10 ಗಂಟೆ ಮಾತ್ರ. ಮುಂದೆ ಕೆಲಸದ ವೀಸಾ ಬೇಕು ಅಂದರೆ 2025ರ ಜುಲೈನಿಂದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್. ಹೊಸಬರಿಗೆ ಸ್ವಲ್ಪ ರಿಯಾಯಿತಿ ಇದೆ, ಆದರೂ ಪಿಆರ್‌ನಲ್ಲಿ ಮೊದಲ ಕೆಲಸಕ್ಕೆ ಅಷ್ಟು ಕೊಟ್ಟು ಸ್ಪಾನ್ಸರ್ ಮಾಡುವ ಕಡೆ ಬಹಳ ಕಡಿಮೆ. ಊರಿನ ಏಜೆಂಟ್ ಇದನ್ನೆಲ್ಲ ಹೇಳುವುದಿಲ್ಲ. ತಮ್ಮ ಅಲ್ಲೇ ಡಿಗ್ರಿ ಮುಗಿಸಲಿ. ಅಪ್ಪ ಅಡಿಕೆ ತೋಟದ ಮೇಲೆ ಸಾಲ ಎತ್ತುವುದು ಬೇಡ.

ನಿನ್ನ ಕಥೆ ಬೇರೆ. ನೀನು ಗಂಡನ ವೀಸಾದ ಮೇಲೆ ಬಂದವಳು. ನಿನಗೆ ಕೆಲಸಕ್ಕೆ ಗಂಟೆಗಳ ಮಿತಿ ಇಲ್ಲ, ಓದುವುದಕ್ಕೂ ಅಡ್ಡಿ ಇಲ್ಲ. ಈ ಕೋರ್ಸಿನಿಂದ ನಿನಗೆ ವೀಸಾ ಬೇಕಿಲ್ಲ, ಕೆಲಸ ಕಲಿತರೆ ಸಾಕು. ಅದನ್ನು ಇದು ನಿಜವಾಗಿ ಕಲಿಸುತ್ತದೆ. ನಾನೂ ಹೀಗೇ ಗಂಡನ ಹಿಂದೆ ಬಂದವಳು. ಸಂಜೆ ತರಗತಿಗೆ ಹೋಗಿ ಎರಡು ವರ್ಷದಲ್ಲಿ ಎಚ್‌ಎನ್‌ಡಿಯ ಮೊದಲ ಅರ್ಧವಾದ ಎಚ್‌ಎನ್‌ಸಿ ಮುಗಿಸಿದೆ. ಇವತ್ತಿಗೂ ಒಂದು ಬಾಡಿಗೆ ಮನೆಗಳ ಸಂಸ್ಥೆಯ ಕಮ್ಯುನಿಕೇಷನ್ಸ್ ವಿಭಾಗದಲ್ಲಿ ಅದರ ಬಲದಲ್ಲೇ ದುಡಿಯುತ್ತಿದ್ದೇನೆ.

ಎಚ್‌ಎನ್‌ಸಿ, ಎಚ್‌ಎನ್‌ಡಿ ಎರಡೂ ಬಿಟೆಕ್ ಅನ್ನುವ ಗುಂಪಿನ ಕೋರ್ಸ್‌ಗಳು. ಆ ಹೆಸರು ಕೇಳಿ ಊರಿನವರು ನಮ್ಮ ಎಂಜಿನಿಯರಿಂಗ್ ಬಿ.ಟೆಕ್. ಅಂದುಕೊಳ್ಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ 1980ರ ದಶಕದಲ್ಲಿ ಬಿಸಿನೆಸ್ ಮತ್ತು ತಾಂತ್ರಿಕ ಕೋರ್ಸ್‌ಗಳ ಎರಡು ಮಂಡಳಿಗಳನ್ನು ಒಂದು ಮಾಡಿದರು, ಅದರ ಹೆಸರಿನ ಮೊದಲಕ್ಷರಗಳೇ ಬಿಟೆಕ್. ಈಗ ಪಿಯರ್ಸನ್ ಸಂಸ್ಥೆ ನಡೆಸುತ್ತದೆ. ಎಚ್‌ಎನ್‌ಸಿ ಅಂದರೆ 120 ಕ್ರೆಡಿಟ್, ಡಿಗ್ರಿಯ ಮೊದಲ ವರ್ಷದ ಮಟ್ಟ. ಎಚ್‌ಎನ್‌ಡಿ ಅಂದರೆ ಒಟ್ಟು 240, ಎರಡನೇ ವರ್ಷದ ಮಟ್ಟ. ಆಮೇಲೆ ಬೇಕಿದ್ದರೆ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ವರ್ಷ ಓದಿ ಡಿಗ್ರಿ ಮಾಡಿಕೊಳ್ಳಬಹುದು, ಅದಕ್ಕೆ ಟಾಪ್ ಅಪ್ ಅನ್ನುತ್ತಾರೆ.

ಪಿಆರ್ ಅನ್ನುವುದು ಈ ಕೋರ್ಸಿನ ಹೆಸರಲ್ಲಿ ಇರುವುದಿಲ್ಲ. ಮಾರ್ಕೆಟಿಂಗ್ ಪಾಠಗಳ ಒಳಗೆ ಬರುತ್ತದೆ. ಜೊತೆಗೆ ಲೆಕ್ಕಪತ್ರ, ಸಿಬ್ಬಂದಿ ನಿರ್ವಹಣೆ, ಒಂದು ಪ್ರಾಜೆಕ್ಟ್ ಎಲ್ಲ ಇರುತ್ತದೆ. ಪಿಆರ್ ಮಾಡುವವಳಿಗೆ ಲೆಕ್ಕಪತ್ರ ಯಾಕೆ ಅಂತ ಆಗ ನನಗೂ ಬೇಸರವಾಗಿತ್ತು. ಆಮೇಲೆ ತಿಳಿಯಿತು. ಬಾಡಿಗೆ ಯಾಕೆ ಏರಿಸಿದಿರಿ ಅಂತ ಪತ್ರಕರ್ತೆ ಕೇಳಿದಾಗ ಬ್ಯಾಲೆನ್ಸ್ ಶೀಟ್ ಓದಲು ಬಾರದವಳು ಉತ್ತರ ಬರೆಯಲಾರಳು.

ಇನ್ನು ಓದುವ ರೀತಿ. ಎಚ್‌ಎನ್‌ಡಿಯಲ್ಲಿ ನಮ್ಮ ಥರ ಮೂರು ಗಂಟೆ ಕೂತು ಬರೆಯುವ ಪರೀಕ್ಷೆಗಳ ಮೇಲೆ ಎಲ್ಲವೂ ನಿಂತಿರುವುದಿಲ್ಲ. ಪ್ರತಿ ಯೂನಿಟ್‌ಗೂ ಅಸೈನ್‌ಮೆಂಟ್ ಕೊಡುತ್ತಾರೆ. ಅದರ ಜೊತೆ ಬರುವ ಬ್ರೀಫ್ ಅನ್ನುವ ಸೂಚನೆಯ ಹಾಳೆಯಲ್ಲಿ ಒಂದು ಸನ್ನಿವೇಶ ಇರುತ್ತದೆ. ನೀನು ಇಂಥ ಕಂಪನಿಯಲ್ಲಿ ಇಂಥ ಕೆಲಸದವಳು, ಮ್ಯಾನೇಜರ್‌ಗೆ ವರದಿ ಕೊಡು, ಇಲ್ಲವೇ ಪ್ರಚಾರದ ಯೋಜನೆ ಮಾಡಿ ಎದ್ದು ನಿಂತು ಒಪ್ಪಿಸು, ಹೀಗೆ. ಅಂಕಗಳ ಬದಲು ಪಾಸ್, ಮೆರಿಟ್, ಡಿಸ್ಟಿಂಕ್ಷನ್. ಪ್ರತಿಯೊಂದಕ್ಕೂ ಏನು ಮಾಡಿರಬೇಕು ಅಂತ ಬ್ರೀಫ್‌ನಲ್ಲೇ ಬರೆದಿರುತ್ತದೆ. ಪಾಸ್‌ನ ಒಂದೇ ಒಂದು ಅಂಶ ಬಿಟ್ಟುಹೋದರೂ ಯೂನಿಟ್ ಪಾಸ್ ಇಲ್ಲ, ಉಳಿದದ್ದು ಎಷ್ಟೇ ಚೆನ್ನಾಗಿರಲಿ. ತಿದ್ದಿ ಮತ್ತೆ ಕೊಡಲು ಒಂದು ಅವಕಾಶ ಸಿಗುತ್ತದೆ, ಆದರೆ ಆಗ ಪಾಸ್‌ಗಿಂತ ಮೇಲೆ ಸಿಗುವುದಿಲ್ಲ.

ನಾನು ಮೊದಲ ಅಸೈನ್‌ಮೆಂಟ್‌ನಲ್ಲೇ ಎಡವಿದೆ. ಒಂದು ಚಿಕ್ಕ ಬೇಕರಿಗೆ ಪ್ರಚಾರದ ಯೋಜನೆ ಬರೆಯಬೇಕಿತ್ತು. ಪಬ್ಲಿಕ್ ರಿಲೇಷನ್ಸ್‌ನ ಅರ್ಥ, ಇತಿಹಾಸ, ವಿಧಗಳು, ಲಾಭಗಳು ಅಂತ ಹನ್ನೊಂದು ಪುಟ ತುಂಬಿಸಿದೆ. ಡಿಗ್ರಿಯಲ್ಲಿ ಹಾಗೆ ಬರೆದೇ ಫಸ್ಟ್ ಕ್ಲಾಸ್ ಬಂದಿತ್ತಲ್ಲ. ಮೇಡಂ ವಾಪಸ್ ಕೊಟ್ಟರು. ಸಿಟ್ಟಾಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಈ ಬೇಕರಿಗೆ ಬ್ರೆಡ್ ಕೊಳ್ಳಲು ಬರುವವರು ಯಾರು ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಹೋಗಿ ನೋಡಿ ಬಾ ಅಂದರು. ಮುಂದಿನ ಶನಿವಾರ ಬೆಳಿಗ್ಗೆ ಏಳಕ್ಕೆ ನಮ್ಮ ಬೀದಿಯ ಬೇಕರಿ ಎದುರು ಚಳಿಯಲ್ಲಿ ನಿಂತೆ. ವಯಸ್ಸಾದವರು, ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್‌ಗಳು, ಬಸ್ ಡ್ರೈವರ್‌ಗಳು. ಯಾರೂ ಬ್ರೆಡ್ ತೆಗೆದುಕೊಂಡು ಸುಮ್ನೆ ಹೋಗಲಿಲ್ಲ, ಕೌಂಟರ್‌ನವಳ ಜೊತೆ ಎರಡು ಮಾತು ಆಡಿಯೇ ಹೋದರು. ಎರಡನೇ ಸಲ ನಾಲ್ಕು ಪುಟ ಬರೆದೆ, ಅದರಲ್ಲಿ ಆ ಕೌಂಟರ್‌ನ ಮಾತುಕತೆಯೇ ಇತ್ತು. ಸಿಕ್ಕಿದ್ದು ಪಾಸ್. ನನ್ನ ಕೆಲಸ ಶುರುವಾದದ್ದು ಆ ಶನಿವಾರ ಅಂತಲೇ ನಾನು ಲೆಕ್ಕ ಇಟ್ಟುಕೊಂಡಿದ್ದೇನೆ.

ಬ್ರೀಫ್‌ನಲ್ಲಿ ವಿವರಿಸು, ವಿಶ್ಲೇಷಿಸು, ತೂಗಿ ನೋಡು ಅಂತ ಬೇರೆ ಬೇರೆ ಕ್ರಿಯಾಪದ ಬರುತ್ತದೆ. ನಮಗೆ ಎಲ್ಲ ಒಂದೇ ಅನ್ನಿಸುತ್ತದೆ. ಒಂದೇ ಅಲ್ಲ. ವಿವರಿಸಿದರೆ ಪಾಸ್ ಹತ್ತಿರ ಹೋಗುತ್ತೀಯ. ಯಾವುದು ಯಾಕೆ ಹೆಚ್ಚು ಸರಿ ಅಂತ ನಿನ್ನದೇ ತೀರ್ಮಾನ ಕೊಟ್ಟು ಆಧಾರ ತೋರಿಸಿದರೆ ಮಾತ್ರ ಡಿಸ್ಟಿಂಕ್ಷನ್. ಮತ್ತೆ, ಗೈಡ್ ನೋಡಿ ಬರೆಯುವ ಅಭ್ಯಾಸ ಪೂರ್ತಿ ಬಿಡಬೇಕು. ಇಲ್ಲಿ ಬರೆದದ್ದನ್ನು ಟರ್ನಿಟಿನ್ ಅನ್ನುವ ಸಾಫ್ಟ್‌ವೇರ್‌ಗೆ ಹಾಕುತ್ತಾರೆ. ಎಲ್ಲಿಂದ ತಂದದ್ದು ಅಂತ ಹೇಳದೆ ಎರಡು ಪ್ಯಾರಾ ಎತ್ತಿದರೂ ವಿಚಾರಣೆ ಆಗುತ್ತದೆ. ಒಳ್ಳೆಯ ಮಕ್ಕಳು ಇದೊಂದೇ ಕಾರಣಕ್ಕೆ ಅಳುತ್ತಾ ಮನೆಗೆ ಹೋದದ್ದನ್ನು ನೋಡಿದ್ದೇನೆ.

ಪಿಆರ್‌ಒ ಅನ್ನುವ ಪದದ ಬಗ್ಗೆ ಒಂದು ಮಾತು. ನಮ್ಮ ಕಡೆ ಆಸ್ಪತ್ರೆಯ ಪಿಆರ್‌ಒ ಅಂದರೆ ಮುಂದಿನ ಕೌಂಟರ್‌ನಲ್ಲಿ ಕೂತು ರೋಗಿಯ ಕಡೆಯವರನ್ನು ಮಾತಾಡಿಸುವವರು, ಇನ್ಶೂರೆನ್ಸ್ ಕಾಗದ ನೋಡುವವರು, ಬಿಲ್ ಜಾಸ್ತಿ ಆಯಿತು ಅಂತ ಗಲಾಟೆ ಆದಾಗ ಸಮಾಧಾನ ಮಾಡುವವರು. ಇಲ್ಲಿ ಪಿಆರ್ ಅಂದರೆ ಪ್ರೆಸ್ ಆಫೀಸ್, ಸೋಷಿಯಲ್ ಮೀಡಿಯಾ, ಸಿಬ್ಬಂದಿಗೆ ಹೋಗುವ ಸುದ್ದಿ, ತೊಂದರೆ ಬಂದಾಗ ಕೊಡುವ ಹೇಳಿಕೆ. ಸಿವಿಯಲ್ಲಿ ಬರೀ ಪಿಆರ್‌ಒ ಅಂತ ಬರೆದರೆ ಇಲ್ಲಿಯವರಿಗೆ ತಪ್ಪು ಅರ್ಥ ಹೋಗುತ್ತದೆ. ಏನು ಮಾಡುತ್ತಿದ್ದೆ ಅಂತ ಬಿಡಿಸಿ ಬರೆ. ಸಿಟ್ಟಿನಲ್ಲಿರುವ ಹತ್ತು ಜನರ ಎದುರು ನಿಂತು ಮಾತಾಡಿದ ಅನುಭವ ಚಿಕ್ಕದಲ್ಲ ಕಣೇ. ಪಿಆರ್ ಡಿಗ್ರಿ ಮಾಡಿ ಬರುವ ಇಲ್ಲಿಯ ಮಕ್ಕಳಿಗೆ ಅದು ಇರುವುದಿಲ್ಲ.

ಪತ್ರಿಕಾ ಪ್ರಕಟಣೆ ಬರೆಯುವುದನ್ನು ಮಾತ್ರ ನೀನು ಹೊಸದಾಗಿ ಕಲಿಯಬೇಕು. ಇಲ್ಲಿ ಬಂದ ಹೊಸತರಲ್ಲಿ ನಾವಿರುವ ಊರಿನ ಕನ್ನಡ ಗುಂಪಿನ ಯುಗಾದಿ ಕಾರ್ಯಕ್ರಮಕ್ಕೆ ನಾನೇ ಪ್ರಕಟಣೆ ಬರೆದೆ. ದೀಪ ಬೆಳಗಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ವಂದಿಸಿದವರು, ಒಬ್ಬರ ಹೆಸರೂ ಬಿಡಲಿಲ್ಲ. ಬಿಟ್ಟರೆ ಬೇಜಾರಾಗುತ್ತಾರಲ್ಲ. ಸ್ಥಳೀಯ ವಾರಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ಮುಂದಿನ ವರ್ಷ ಬೇರೆ ಥರ ಬರೆದೆ. ಬಾಡಿಗೆಗೆ ತೆಗೆದುಕೊಂಡ ಚರ್ಚ್ ಹಾಲ್‌ನಲ್ಲಿ ಪ್ರತಿ ಶನಿವಾರ ಎಪ್ಪತ್ತೆರಡು ವರ್ಷದ ಒಬ್ಬ ಅಜ್ಜ ಹದಿನಾಲ್ಕು ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದರು. ಮೊದಲ ಸಾಲಿನಲ್ಲೇ ಅವರನ್ನು ತಂದೆ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಎಲ್ಲ ಮೊದಲ ಪ್ಯಾರಾದಲ್ಲಿ. ಆಮೇಲೆ ಅಜ್ಜನ ಬಾಯಿಂದ ಒಂದು ಮಾತು. ಯುಗಾದಿಗೆ ಬೇವು ಬೆಲ್ಲ ಯಾಕೆ ಅಂತ ಎರಡು ವಾಕ್ಯ. ಬೇವು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದ ಒಂದು ಪುಟ್ಟ ಹುಡುಗಿಯ ಫೋಟೊವನ್ನು ಅವಳ ಅಮ್ಮನ ಒಪ್ಪಿಗೆ ಕೇಳಿ ಕಳಿಸಿದೆ. ಮೂರನೇ ಪುಟದಲ್ಲಿ ಅರ್ಧ ಪುಟ ಬಂತು. ಅಧ್ಯಕ್ಷರ ಹೆಸರು ಕೊನೆಗೆ ಬಂದದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಎಲ್ಲರೂ ಪತ್ರಿಕೆ ಕೊಂಡು ಊರಿಗೆ ಕಳಿಸಿದರು.

ಇಂಗ್ಲಿಷ್ ಬಗ್ಗೆ ಕೇಳಿದ್ದೀಯ. ಉಚ್ಚಾರದ ಚಿಂತೆ ಬಿಡು. ಲೆಸ್ಟರ್‌ನಲ್ಲಿ ಗುಜರಾತಿ ಉಚ್ಚಾರದ ಇಂಗ್ಲಿಷ್ ಕೇಳಿ ಬೆಳೆದವರೇ ಎಷ್ಟೋ ಜನ. ಕಷ್ಟ ಇರುವುದು ಮಾತಿನ ಹಿಂದಿನ ಮಾತು ಹಿಡಿಯುವುದರಲ್ಲಿ. ನಿನ್ನ ಕರಡು ನೋಡಿ ಇಂಟರೆಸ್ಟಿಂಗ್ ಅಂದರೆ ಇಷ್ಟವಾಗಿಲ್ಲ ಅಂತಲೂ ಇರಬಹುದು. ನಾಟ್ ಬ್ಯಾಡ್ ಅಂದರೆ ಚೆನ್ನಾಗಿದೆ ಅಂತ. ಇದು ನಮಗೆ ಹೊಸದಾ? ನಮ್ಮ ಕಡೆ ಹೆಣ್ಣು ನೋಡಿ ಹೋಗುವಾಗ, ತಿಳಿಸುತ್ತೇವೆ ಅಂದರೆ ಏನರ್ಥ ಅಂತ ಮನೆಯ ಮಕ್ಕಳಿಗೂ ಗೊತ್ತು. ಹೋಗುವಾಗಲೂ ಬರ್ತೀನಿ ಅನ್ನುವ ಜನ ನಾವು. ಆ ಕಿವಿ ನಿನಗೆ ಹುಟ್ಟಿನಿಂದಲೇ ಇದೆ. ಇಲ್ಲಿಯ ಮಾತಿಗೆ ಅದನ್ನು ಹೊಂದಿಸಿಕೊಳ್ಳಬೇಕು ಅಷ್ಟೇ. ಬಸ್ಸಿನಲ್ಲಿ ಕೇಳು, ಲೋಕಲ್ ರೇಡಿಯೊ ಕೇಳು, ಸ್ಥಳೀಯ ಪತ್ರಿಕೆಯ ಓದುಗರ ಪತ್ರ ಓದು.

ತಪ್ಪು ಒಪ್ಪಿಕೊಳ್ಳುವ ರೀತಿಯನ್ನೂ ಗಮನಿಸು. ನಮ್ಮಲ್ಲಿಗೆ ಹೊಸದಾಗಿ ಸೇರುವವರಿಗೆ ನಾನು ಕೆಎಫ್‌ಸಿ ಕಥೆ ಹೇಳುತ್ತೇನೆ. 2018ರ ಫೆಬ್ರವರಿಯಲ್ಲಿ ಸಾಗಣೆಯ ಗುತ್ತಿಗೆ ಹೊಸ ಕಂಪನಿಗೆ ಹೋಯಿತು, ಕೋಳಿ ಸಮಯಕ್ಕೆ ತಲುಪಲಿಲ್ಲ. ಈ ದೇಶದಲ್ಲಿದ್ದ ಸುಮಾರು 900 ಅಂಗಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಚ್ಚಿದವು. ಅವರು ಸಾಗಣೆಯವರ ಮೇಲೆ ಹಾಕಿ ಕೈತೊಳೆದುಕೊಳ್ಳಲಿಲ್ಲ. ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟರು. ಖಾಲಿ ಡಬ್ಬಿಯ ಮೇಲೆ ತಮ್ಮ ಹೆಸರಿನ ಮೂರಕ್ಷರವನ್ನೇ ಹಿಂದೆ ಮುಂದೆ ಮಾಡಿ ಒಂದು ಬೈಗುಳದ ಹಾಗೆ ಕಾಣಿಸಿದ್ದರು, ಕೆಳಗೆ ನೇರವಾದ ಕ್ಷಮೆ. ಕೋಳಿ ಅಂಗಡಿಯಲ್ಲಿ ಕೋಳಿ ಇಲ್ಲ, ಇದು ಸರಿಯಲ್ಲ ಅಂತ ತಾವೇ ಹೇಳಿಕೊಂಡರು. ಜನ ನಕ್ಕು ಕ್ಷಮಿಸಿದರು.

ಅದೇ ನಮ್ಮಲ್ಲಿ ಒಂದು ಚಳಿಗಾಲ ನಲವತ್ತು ಮನೆಗಳನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟಾಗ ಆ ಥರ ತಮಾಷೆ ಮಾಡಲು ಆಗುತ್ತದಾ? ಎಳೆ ಮಕ್ಕಳಿರುವ ಮನೆಗಳವು. ಏನಾಗಿದೆ, ಯಾವಾಗ ಸರಿಯಾಗುತ್ತದೆ, ಅಲ್ಲಿಯವರೆಗೆ ಹೀಟರ್ ಎಲ್ಲಿ ಸಿಗುತ್ತದೆ, ಇಷ್ಟೇ ಬರೆದೆವು. ಪತ್ರಿಕೆಗಿಂತ ಮೊದಲು ಮನೆಯವರಿಗೆ ತಿಳಿಸಿದೆವು.

ಸುಳ್ಳು ಹೇಳುವ ಪಿಆರ್ ಕೂಡ ಇದೆ. ಬೆಲ್ ಪಾಟಿಂಜರ್ ಅಂತ ಲಂಡನ್‌ನ ದೊಡ್ಡ ಕಂಪನಿ ದಕ್ಷಿಣ ಆಫ್ರಿಕಾದಲ್ಲಿ ಗುಪ್ತಾ ಅನ್ನುವ ಉದ್ಯಮಿ ಕುಟುಂಬದ ಕಂಪನಿಗಾಗಿ ಜನಾಂಗಗಳ ನಡುವೆ ಕಿಡಿ ಹಚ್ಚುವಂಥ ಪ್ರಚಾರ ಮಾಡಿತು. 2017ರಲ್ಲಿ ಇಲ್ಲಿಯ ಪಿಆರ್ ಕಂಪನಿಗಳ ಸಂಘವೇ ಅದನ್ನು ಹೊರಗೆ ಹಾಕಿತು. ಕೆಲವೇ ದಿನಗಳಲ್ಲಿ ಕಂಪನಿ ಮುಳುಗಿತು. ಇಂಥ ಕೆಲಸ ನಿನ್ನ ಮೇಜಿಗೆ ಬಂದರೆ ಎದ್ದು ಬಾ. ಸಂಬಳ ಎಷ್ಟೇ ಇರಲಿ.

ಇನ್ನು ದುಡ್ಡು. ನಿನಗೆ ಇಲ್ಲಿಯವರ ಫೀಸ್ ಅನ್ವಯ ಆಗುವುದಿಲ್ಲ, ವಿದೇಶಿಯರ ಫೀಸ್ ಕೇಳುತ್ತಾರೆ. ಸರ್ಕಾರದ ಸ್ಟೂಡೆಂಟ್ ಲೋನ್ ಸಿಗುವುದಿಲ್ಲ. ಅದಕ್ಕೇ ಈ ವರ್ಷವೇ ಸೇರಬೇಡ ಅನ್ನುತ್ತೇನೆ. ಮೊದಲು ಶಾಲೆಯ ಆಫೀಸು, ಚಾರಿಟಿ, ಆಸ್ಪತ್ರೆಯ ರಿಸೆಪ್ಷನ್, ಎಲ್ಲಿಯಾದರೂ ಕೆಲಸಕ್ಕೆ ಸೇರು. ಅಲ್ಲಿ ನ್ಯೂಸ್‌ಲೆಟರ್ ನಾನು ಬರೆಯಲಾ ಅಂತ ಕೇಳು. ಬೇಡ ಅನ್ನುವವರು ಕಡಿಮೆ, ಯಾಕೆಂದರೆ ಆ ಕೆಲಸ ಯಾರಿಗೂ ಬೇಕಿರುವುದಿಲ್ಲ. ನೀನು ಬರೆದದ್ದನ್ನೆಲ್ಲ ಒಂದು ಫೈಲ್‌ನಲ್ಲಿ ಇಡುತ್ತಾ ಹೋಗು. ಆಮೇಲೆ ಎಚ್‌ಎನ್‌ಸಿಯನ್ನು ಅರೆಕಾಲಿಕವಾಗಿ ಮಾಡು. ಕಾಲೇಜಿಗೆ ಹೋಗಿ ಮಾರ್ಕೆಟಿಂಗ್ ಕಡೆಯ ಯೂನಿಟ್ ಯಾವುವು ಕಲಿಸುತ್ತೀರಿ, ಸಂಜೆ ತರಗತಿ ಇದೆಯಾ, ಕಂತಿನಲ್ಲಿ ಕಟ್ಟಬಹುದಾ ಅಂತ ಬರವಣಿಗೆಯಲ್ಲಿ ಕೇಳಿ ತೆಗೆದುಕೋ. ಇಲ್ಲಿ ಮೂರು ವರ್ಷ ಇದ್ದ ಮೇಲೆ ಪಿಆರ್ ಅಪ್ರೆಂಟಿಸ್‌ಶಿಪ್ ದಾರಿಯೂ ತೆರೆಯಬಹುದು. ಅದರಲ್ಲಿ ದುಡಿಯುತ್ತಲೇ ಕಲಿಯುತ್ತೀಯ, ಫೀಸ್ ನೀನು ಕಟ್ಟಬೇಕಿಲ್ಲ. ಸಿಐಪಿಆರ್ ಅಂತ ಪಿಆರ್‌ನವರ ಸಂಸ್ಥೆ ಇದೆ. 1948ರಲ್ಲಿ ಶುರುವಾದದ್ದು. ಅವರ ಸರ್ಟಿಫಿಕೇಟ್ ಮತ್ತು ಡಿಪ್ಲೊಮಾಗೆ ಒಳ್ಳೆಯ ಬೆಲೆ ಇದೆ. ಅದು ಕೆಲಸ ಸಿಕ್ಕ ಮೇಲೆ ನೋಡಿಕೊಳ್ಳುವ ಮಾತು, ಎಷ್ಟೋ ಕಡೆ ಕಂಪನಿಯೇ ದುಡ್ಡು ಕಟ್ಟುತ್ತದೆ.

ಮನೆಯಲ್ಲಿ ಒಬ್ಬಳೇ ಕೂತು ನಾಲ್ಕು ಗಂಟೆಗೆ ಕತ್ತಲಾಗುವುದನ್ನು ನೋಡುತ್ತಿದ್ದೇನೆ ಅಂತ ಬರೆದಿದ್ದೀಯ. ಅದನ್ನು ಓದಿ ನನಗೆ ನನ್ನ ಮೊದಲ ನವೆಂಬರ್ ನೆನಪಾಯಿತು. ಈ ಭಾನುವಾರ ಒಂದು ಕೆಲಸ ಮಾಡು. ನಿನ್ನ ಮನೆ ಹತ್ತಿರ ನಡೆಯುವ ಯಾವುದಾದರೂ ಚಿಕ್ಕ ಕಾರ್ಯಕ್ರಮಕ್ಕೆ ಹೋಗು, ದೇವಸ್ಥಾನದ್ದಾಗಲಿ, ಲೈಬ್ರರಿಯದ್ದಾಗಲಿ, ಫುಡ್ ಬ್ಯಾಂಕ್‌ನದ್ದಾಗಲಿ. ಒಬ್ಬರನ್ನು ಮಾತಾಡಿಸಿ ಮುನ್ನೂರು ಪದದ ಪ್ರಕಟಣೆ ಬರೆದು ನನಗೆ ಕಳಿಸು. ಕೆಂಪು ಪೆನ್ ಹಿಡಿದು ಕೂರುತ್ತೇನೆ. ತಿದ್ದಿ ವಾಪಸ್ ಕಳಿಸಿ ಫೋನ್ ಮಾಡುತ್ತೇನೆ, ಆಗ ಉಳಿದದ್ದು ಮಾತಾಡೋಣ.